ಟೇಪೇ ಇಲ್ಲದ ಡೆಮೊ ಟೇಪುಗಳು

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇಳಿಯುವವರು ಯಾರೂ ಫ್ಯಾಕ್ಟರಿ ಎಲ್ಲಿ ಅಂತ ಕೇಳುವುದಿಲ್ಲ. ಹಳೇ ಮದ್ರಾಸ್ ರಸ್ತೆಗೆ ಹೊರವರ್ತುಲ ರಸ್ತೆ ಬಂದು ಸೇರುವ ಕಡೆ, ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜಿಗೆ ಸ್ವಲ್ಪ ಮುಂಚೆ, ಹೊಸಕೋಟೆ, ಕೋಲಾರ, ಮುಳಬಾಗಿಲು ಎಂದು ಕೂಗುವ ದನಿಗಳ ನಡುವೆ ಆ ಹೆಸರು ತನ್ನ ಪಾಡಿಗೆ ತಾನು ಬದುಕಿದೆ. 2023ರ ಅಕ್ಟೋಬರಿನಲ್ಲಿ ಪಕ್ಕದಲ್ಲೇ ಬೆನ್ನಿಗಾನಹಳ್ಳಿ ಮೆಟ್ರೋ ನಿಲ್ದಾಣ ತೆರೆಯಿತು. ಆದರೂ ಬಸ್ಸಿನಲ್ಲಿ ಜನ ಟಿಕೆಟ್ ಕೇಳುವುದು ಟಿನ್ ಫ್ಯಾಕ್ಟರಿಗೇ. ವಸ್ತು ಹೋದಮೇಲೂ ಶಬ್ದ ಉಳಿಯುವುದು ಹೀಗೆ. ನಾನು ಬರೆಯಹೊರಟಿರುವುದು ಇದಕ್ಕೆ ವಿರುದ್ಧವಾದ ಸಂಗತಿ: ಹಾಡಿದವರು ಇನ್ನೂ ಇಲ್ಲೇ ಇದ್ದಾರೆ, ಹಾಡಿದ ಶಬ್ದ ಹೋಗುತ್ತಿದೆ.

ಹೋದ ವರ್ಷ ಗೆಳೆಯನೊಬ್ಬನ ಅಣ್ಣ ನನ್ನ ಕೈಗೆ 2 ಜಿಬಿಯ ಒಂದು ಮೆಮೊರಿ ಕಾರ್ಡ್ ಕೊಟ್ಟರು. ಅವರ ಮನೆ ಇರುವುದು ಟಿನ್ ಫ್ಯಾಕ್ಟರಿಯಿಂದ ಹತ್ತು ನಿಮಿಷದ ನಡಿಗೆಯ ದೂರದಲ್ಲಿ. ಕಾಲೇಜಿನ ದಿನಗಳಲ್ಲಿ ಅವರು ರ‍್ಯಾಪ್ ಮಾಡುತ್ತಿದ್ದರು ಎಂಬುದು ಮನೆಯಲ್ಲಿ ಈಗ ಹಬ್ಬದ ದಿನ ಎತ್ತಿ ನಗುವ ವಿಷಯ. ಕಾರ್ಡಿನಲ್ಲಿ ಸಿನಿಮಾ ಹಾಡುಗಳು, ಒಂದಷ್ಟು ಮಸುಕಾದ ಫೋಟೋಗಳು, ಚೈನಾ ಸೆಟ್ಟಿನಲ್ಲಿ ಎಫ್‌ಎಂ ರೇಡಿಯೋದಿಂದ ರೆಕಾರ್ಡ್ ಮಾಡಿಕೊಂಡ ನಾಲ್ಕು ತುಣುಕುಗಳು, ಮತ್ತು ಅವರದೇ ಮೂರು ಹಾಡುಗಳಿದ್ದವು. ಹಾಡು ಎನ್ನುವುದಕ್ಕಿಂತ ಒಂದೇ ಹಾಡಿನ ಮೂರು ಪಾಠಗಳು ಎನ್ನಬೇಕು. ಒಂದು ಪೂರ್ತಿ ಇಂಗ್ಲಿಷಿನಲ್ಲಿ. ಇನ್ನೊಂದರಲ್ಲಿ ಚರಣ ಇಂಗ್ಲಿಷು, ಪಲ್ಲವಿ ಕನ್ನಡ. ಮೂರನೆಯದರಲ್ಲಿ ಕನ್ನಡದ ಜೊತೆ ತಮಿಳು ಮತ್ತು ದಖನಿ ಬೆರೆತು, ಬಸ್ಸಿನ ಕೂಗೇ ತಾಳವಾಗುತ್ತದೆ. ಹಿನ್ನೆಲೆಯಲ್ಲಿ ಎರಡು ಸಲ ಕುಕ್ಕರ್ ಕೂಗುತ್ತದೆ.

ಬೆಂಗಳೂರಿನ ಹಿಪ್ ಹಾಪ್ ಬಗ್ಗೆ ನಮಗೆ ಗೊತ್ತಿರುವ ಚರಿತ್ರೆ ಸಾಮಾನ್ಯವಾಗಿ ಯೂಟ್ಯೂಬಿನಿಂದ ಶುರುವಾಗುತ್ತದೆ. 2012ರಲ್ಲಿ ಬ್ರೋಧ ವಿ ಅವರ ‘ಆತ್ಮ ರಾಮ’ ಬಂತು. ಅದಕ್ಕೂ ಮೊದಲು ಅವರು ಸ್ಮೋಕಿ ದ ಘೋಸ್ಟ್ ಜೊತೆ ‘ಮಚಾಸ್ ವಿತ್ ಆಟಿಟ್ಯೂಡ್’ ಎಂಬ ತಂಡದಲ್ಲಿದ್ದರು. ಲಾಸ್ ಏಂಜಲಿಸ್ ಪ್ರದೇಶದ ಪ್ರಸಿದ್ಧ ತಂಡವೊಂದರ ಹೆಸರನ್ನು ತಿರುಚಿ, ಅದರೊಳಗೆ ನಮ್ಮೂರಿನ ‘ಮಚಾ’ನನ್ನು ಕೂರಿಸಿದ ಆ ಹೆಸರೇ ಒಂದು ಸಣ್ಣ ವಿಮರ್ಶೆ. ಕನ್ನಡದಲ್ಲಿ ಆಲ್ ಓಕೆ, ಚಂದನ್ ಶೆಟ್ಟಿ, ರಾಹುಲ್ ಡಿಟ್-ಓ, ಎಂ.ಸಿ. ಬಿಜ್ಜು, ಗುಬ್ಬಿ ಮುಂತಾದವರು ಬೇರೆ ಬೇರೆ ದಾರಿ ಹಿಡಿದರು. ಇದೆಲ್ಲ ಎಲ್ಲರಿಗೂ ತಿಳಿದದ್ದೇ. ಈ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಹೇಳಿಕೊಳ್ಳುವ ರೀತಿಯೂ ಒಂದೇ: ಹುಡುಗರು ಮೊದಲು ಅಮೆರಿಕವನ್ನು ಅನುಕರಿಸಿದರು, ಆಮೇಲೆ ಆತ್ಮವಿಶ್ವಾಸ ಬಂದು ತಮ್ಮ ಭಾಷೆಗೆ ಮರಳಿದರು. ಇಂಗ್ಲಿಷಿನಲ್ಲಿ ಬರೆಯಲು ಹೊರಟು ಕನ್ನಡಕ್ಕೆ ಬಂದ ಲೇಖಕರ ಕಥೆಯನ್ನು ನವೋದಯದ ಕಾಲದಿಂದ ಕೇಳುತ್ತ ಬಂದ ನಮಗೆ ಇದು ಬಹಳ ಬೇಗ ಒಪ್ಪಿಗೆಯಾಗುತ್ತದೆ.

ನಾನೂ ಕಾರ್ಡಿನ ಮೂರು ಪಾಠಗಳನ್ನು ಅದೇ ಕ್ರಮದಲ್ಲಿ ಜೋಡಿಸಿಕೊಂಡೆ. ಫೈಲುಗಳ ದಿನಾಂಕ ನೋಡೋಣವೆಂದರೆ ಮೂರಕ್ಕೂ ಒಂದೇ ತಾರೀಖು. ಬ್ಯಾಟರಿ ತೆಗೆದು ಹಾಕಿದಾಗಲೆಲ್ಲ ಆ ಸೆಟ್ಟಿನ ಗಡಿಯಾರ ಮೊದಲಿಗೆ ಹೋಗಿ ನಿಲ್ಲುತ್ತಿತ್ತಂತೆ. ಹಾಗಾಗಿ ಶಾಸನ ಓದುವವರಂತೆ ಒಳಗಿನ ಸಾಕ್ಷ್ಯ ಹುಡುಕಬೇಕಾಯಿತು. ಕನ್ನಡದ ಪಾಠದಲ್ಲಿ ಮೆಟ್ರೋಗಾಗಿ ರಸ್ತೆ ಅಗೆದಿರುವುದರ ಬಗ್ಗೆ, ಕಂಬಗಳ ಮಧ್ಯೆ ಸಿಕ್ಕಿಕೊಂಡ ಬಸ್ಸಿನ ಬಗ್ಗೆ ಬೈಗುಳವಿದೆ. ಪೂರ್ತಿ ಇಂಗ್ಲಿಷಿನ ಪಾಠದಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೋದಲ್ಲಿ ಹೋಗಿ ಬಂದ ಜಂಬವಿದೆ. ಆ ಮಾರ್ಗ ಜನರಿಗೆ ತೆರೆದದ್ದು 2011ರ ಅಕ್ಟೋಬರ್ 20ರಂದು. ಅಂದರೆ ಕನ್ನಡದ್ದು ಮೊದಲು, ಇಂಗ್ಲಿಷಿನದ್ದು ಆಮೇಲೆ. ನನ್ನ ಕ್ರಮ ತಲೆಕೆಳಗಾಯಿತು.

ಅಣ್ಣನನ್ನು ಕೇಳಿದರೆ ಅವರು ನಕ್ಕರು. “ಕನ್ನಡದಲ್ಲಿ ಹೇಳಿದ್ರೆ ಏರಿಯಾದಲ್ಲಿ ಎಲ್ಲಾರ್ಗೂ ಅರ್ಥ ಆಗ್ತಿತ್ತು, ನಗೋರು. ಇಂಗ್ಲಿಷಲ್ಲಿ ಹೇಳಿದ್ರೆ ಯಾರ್ಗೂ ಅರ್ಥ ಆಗ್ತಿರ್ಲಿಲ್ಲ, ಅದಕ್ಕೇ ಮರ್ಯಾದೆ.” ಆರ್ಕುಟ್‌ನಲ್ಲಿ ಸಿಕ್ಕಿದ ಮುಂಬೈ, ದೆಹಲಿಯ ಹುಡುಗರಿಗೆ ಕೇಳಿಸಬೇಕಾಗಿತ್ತು ಎಂಬುದು ಇನ್ನೊಂದು ಕಾರಣ. ಒಂದು ಕಾರ್ಡಿನಿಂದ ಇಡೀ ಊರಿನ ಚರಿತ್ರೆ ತಿದ್ದಲಾಗದು, ನಿಜ. ಆದರೆ ‘ಮೊದಲು ಅನುಕರಣೆ, ಆಮೇಲೆ ಸ್ವಂತಿಕೆ’ ಎಂಬ ವಾಕ್ಯವನ್ನು ಇನ್ನು ಮುಂದೆ ಸಾಕ್ಷ್ಯವಿಲ್ಲದೆ ಬರೆಯಲು ನನಗೆ ಧೈರ್ಯವಿಲ್ಲ. ಕೆಲವರಿಗಾದರೂ ಅನುಕರಣೆ ಎನ್ನುವುದು ಆರಂಭದ ಹಂತವಾಗಿರಲಿಲ್ಲ. ಅದು ಸಂಪಾದಿಸಿಕೊಂಡ ಬಡ್ತಿಯಾಗಿತ್ತು.

ಡೆಮೊಗಳನ್ನು ಉಳಿಸಬೇಕು ಎನ್ನುವುದಕ್ಕೆ ನನ್ನ ಮೊದಲ ಕಾರಣ ಇದೇ. ಅವು ನೆನಪಿನ ಸಾಮಾನುಗಳಾಗಿರುವುದಕ್ಕಿಂತ ಹೆಚ್ಚಾಗಿ ಪಾಠಾಂತರಗಳು. ಬಿಡುಗಡೆಯಾದ ಹಾಡು ನಮಗೆ ಫಲಿತಾಂಶವನ್ನು ಮಾತ್ರ ಕೊಡುತ್ತದೆ, ಡೆಮೊ ಆಯ್ಕೆಗಳನ್ನು ತೋರಿಸುತ್ತದೆ. ಪ್ರಾಸದ ವಿಷಯವನ್ನೇ ನೋಡಿ. ನಮ್ಮ ಹಳೆಯ ಕಾವ್ಯದ ಕಟ್ಟು ದ್ವಿತೀಯಾಕ್ಷರ ಪ್ರಾಸದ್ದು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಅದನ್ನು ಬಿಟ್ಟರು. ನೂರು ವರ್ಷದ ಮೇಲೆ ರ‍್ಯಾಪ್ ಪ್ರಾಸವನ್ನು ಮತ್ತೆ ತಂದಿತು, ಆದರೆ ಸಾಲಿನ ಕೊನೆಗೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಂತ್ಯಪ್ರಾಸ ಬಿಟ್ಟಿಯಾಗಿ ಸಿಗುತ್ತದೆ: ಬರ್ತೀನಿ, ಹೋಗ್ತೀನಿ, ನೋಡ್ಕೋತೀನಿ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ. ಅಣ್ಣನ ಕನ್ನಡ ಪಾಠದ ಮೊದಲ ಎಂಟು ಸಾಲು ಹೀಗೇ ‘ತೀನಿ’ಗಳ ಮೇಲೆ ಉರುಳುತ್ತದೆ, ಸಪ್ಪೆಯಾಗಿದೆ. ಒಂಬತ್ತನೆಯ ಸಾಲಿನಿಂದ ಅವರು ಕ್ರಿಯಾಪದವನ್ನು ಮುಂದಕ್ಕೆ ಎಳೆದು ಊರಿನ ಹೆಸರುಗಳನ್ನು ಕೊನೆಗೆ ಇಡುತ್ತಾರೆ. ಆ ಕ್ಷಣ ಸಾಲು ಚುರುಕಾಗುತ್ತದೆ. ಇಂದಿನ ಒಳ್ಳೆಯ ಕನ್ನಡ ರ‍್ಯಾಪರುಗಳು ಸಹಜವೆಂಬಂತೆ ಮಾಡುವ ಈ ಕೆಲಸವನ್ನು ಒಬ್ಬ ಹುಡುಗ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ತಾನಾಗಿ ಕಂಡುಕೊಳ್ಳುವುದನ್ನು ಕೇಳಬಹುದು. ಇಂಗ್ಲಿಷ್ ಪಾಠದಲ್ಲಿ ಈ ಯಾವ ಒದ್ದಾಟವೂ ಇಲ್ಲ, ಅದಕ್ಕೇ ಅದು ನುಣುಪಾಗಿದೆ ಮತ್ತು ಮರೆತುಹೋಗುತ್ತದೆ.

ಈಗ ರೇಡಿಯೋ ತುಣುಕುಗಳು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾಗಿ ರೇಡಿಯೋ ಸಿಟಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. 2007ರಲ್ಲಿ ಸಮುದಾಯ ರೇಡಿಯೋ ‘ರೇಡಿಯೋ ಆಕ್ಟಿವ್’ ಬಂತು. ಆದರೂ ರೇಡಿಯೋದ ಮೇಲೆ ಈ ಹುಡುಗರ ದನಿ ಹೇಗಿತ್ತು ಎಂದು ಕೇಳಿದರೆ ತೋರಿಸಲು ಹೆಚ್ಚೇನೂ ಇಲ್ಲ. ಕಾರ್ಡಿನ ಒಂದು ತುಣುಕಿನಲ್ಲಿ ಫೋನ್ ಮಾಡಿದ ಕೇಳುಗನೊಬ್ಬ, ಹಾಡು ಹಾಕಿ ಎನ್ನುವುದರ ಬದಲು ತಾನೇ ನಾಲ್ಕು ಸಾಲು ರ‍್ಯಾಪ್ ಮಾಡುತ್ತಾನೆ. ನಿರೂಪಕಿ ನಗುತ್ತಾರೆ, ಜಾಹೀರಾತು ಬರುತ್ತದೆ, ಅಷ್ಟೇ. ಆ ಕೇಳುಗ ಯಾರೋ ತಿಳಿಯದು. ಮೂವತ್ತು ಸೆಕೆಂಡಿನ ಈ ತುಣುಕು ಒಂದು ಕಾರ್ಡಿನಲ್ಲಿ ಉಳಿದದ್ದು ಅಕಸ್ಮಾತ್.

ನ್ಯೂಯಾರ್ಕಿನಲ್ಲೂ ಉಳಿದದ್ದು ಬಹುಪಾಲು ಅಕಸ್ಮಾತ್ತಾಗಿಯೇ. 1973ರ ಆಗಸ್ಟಿನಲ್ಲಿ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ನಡೆಸಿದ ಪಾರ್ಟಿಯಿಂದ ಹಿಪ್ ಹಾಪಿನ ಲೆಕ್ಕ ಹಿಡಿಯುತ್ತಾರೆ. ಅದು ದೊಡ್ಡ ಮಟ್ಟದಲ್ಲಿ ಡಿಸ್ಕಿಗೆ ಬಂದದ್ದು 1979ರಲ್ಲಿ. ನಡುವಿನ ಆರು ವರ್ಷ ಉಳಿದಿರುವುದು ಕ್ಯಾಸೆಟ್ಟುಗಳಿಂದ. 1981ರಲ್ಲಿ ಹಾರ್ಲೆಮ್ ವರ್ಲ್ಡ್ ಎಂಬ ಕ್ಲಬ್ಬಿನಲ್ಲಿ ಬ್ಯುಸಿ ಬೀ ಮತ್ತು ಕೂಲ್ ಮೋ ಡೀ ಎದುರುಬದುರಾದದ್ದು ಪ್ರಸಿದ್ಧವಾದದ್ದೂ ಕೈಯಿಂದ ಕೈಗೆ ದಾಟಿದ ಟೇಪುಗಳಿಂದಲೇ. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಡಬ್ಲ್ಯುಕೆಸಿಆರ್ ಕೇಂದ್ರದಲ್ಲಿ 1990ರಿಂದ 1998ರವರೆಗೆ ಸ್ಟ್ರೆಚ್ ಮತ್ತು ಬಾಬ್ಬಿಟೊ ನಡೆಸಿದ ರಾತ್ರಿ ಕಾರ್ಯಕ್ರಮವನ್ನು ಕೇಳುಗರು ಮನೆಯಲ್ಲಿ ಟೇಪು ಮಾಡಿಟ್ಟರು. ಆಗಿನ್ನೂ ಆಲ್ಬಮ್ ಇಲ್ಲದಿದ್ದ ನಾಸ್, ಜೇ-ಝೀಯಂಥವರ ದನಿ ಅಲ್ಲಿದೆ. 2007ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಇಂಥ ಸಾಮಗ್ರಿಗೆಂದೇ ಸಂಗ್ರಹವೊಂದನ್ನು ಆರಂಭಿಸಿತು.

ನಮ್ಮ ಸ್ಥಿತಿ ಬೇರೆ. ಇಲ್ಲಿ ಹಿಪ್ ಹಾಪ್ ಬೆಳೆಯುವ ಹೊತ್ತಿಗೆ ಕ್ಯಾಸೆಟ್ ಸಾಯುತ್ತಿತ್ತು. ನಮ್ಮ ಡೆಮೊ ಟೇಪುಗಳಲ್ಲಿ ಟೇಪೇ ಇರಲಿಲ್ಲ. ಇದ್ದದ್ದು ಎಂಪಿ3, ಸೈಬರ್ ಕೆಫೆಯ ಕಂಪ್ಯೂಟರು, ಬ್ಲೂಟೂತು, ಹಾಡು ತುಂಬಿಸಿಕೊಡುವ ಮೊಬೈಲ್ ಅಂಗಡಿ. ಕ್ಯಾಸೆಟ್ಟನ್ನು ಅಟ್ಟದ ಮೇಲೆ ಮೂವತ್ತು ವರ್ಷ ಮರೆತರೂ ಅರ್ಧಂಬರ್ಧವಾದರೂ ಹಾಡುತ್ತದೆ. ಫೈಲು ಹಾಗಲ್ಲ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. 2015ಕ್ಕೆ ಮೊದಲು ತನ್ನಲ್ಲಿ ಹಾಕಿದ್ದ ಹಾಡುಗಳು ಹೋದವು ಎಂದು ಮೈಸ್ಪೇಸ್ ಒಪ್ಪಿಕೊಂಡದ್ದು 2019ರ ಮಾರ್ಚ್‌ನಲ್ಲಿ. ಐದು ಕೋಟಿಯಷ್ಟು ಹಾಡುಗಳೆಂದು ಅಂದಾಜು. ಯಾರೋ ಸಂಶೋಧಕರು ಬೇರೆ ಕೆಲಸಕ್ಕೆಂದು ಇಳಿಸಿಕೊಂಡಿದ್ದ ಸುಮಾರು 4,90,000 ಮಾತ್ರ ಆಮೇಲೆ ಇಂಟರ್ನೆಟ್ ಆರ್ಕೈವ್ ಮೂಲಕ ಮರಳಿ ಸಿಕ್ಕವು. ನೂರಕ್ಕೆ ಒಂದು.

ಉಳಿದ ಫೈಲೂ ಪೂರ್ತಿ ಉಳಿದಂತಲ್ಲ. ಹಳೆಯ ಮೊಬೈಲುಗಳ ಧ್ವನಿಮುದ್ರಣ ಹೆಚ್ಚಾಗಿ ಎಎಂಆರ್ ಎಂಬ ರೂಪದಲ್ಲಿ ಇರುತ್ತಿತ್ತು. ಅದು ಫೋನ್ ಮಾತಿಗೆಂದು ಮಾಡಿದ್ದು, ಸುಮಾರು 3,400 ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಬಿಟ್ಟುಬಿಡುತ್ತದೆ. ‘ಸ’ಕಾರದ ಸದ್ದಿನ ಬಹುಪಾಲು ಅದಕ್ಕೂ ಮೇಲಿನದು. ಹಾಗಾಗಿ ಅಣ್ಣ ಹೇಳಿದ್ದು ‘ಸ’ವೋ ‘ಫ’ವೋ ಎಂದು ಎರಡು ಕಡೆ ನನಗೆ ತೀರ್ಮಾನವಾಗಲೇ ಇಲ್ಲ. ಓಲೆಗರಿಗಳಲ್ಲಿ ಎ–ಏ, ಒ–ಓಗಳ ಹ್ರಸ್ವ ದೀರ್ಘವನ್ನು ಗುರುತಿಸದೆ ಬರೆದದ್ದನ್ನು ಓದಲು ಗ್ರಂಥಸಂಪಾದನೆಯ ತರಗತಿಯಲ್ಲಿ ಕಲಿತವರಿಗೆ ಇದು ಹೊಸ ತೊಡಕಲ್ಲ. ಮನೆಮನೆ ತಿರುಗಿ ವಚನಗಳ ಓಲೆ ಕೂಡಿಸಿದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಸಂಧಿಯನ್ನು 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿಕೊಂಡ ಲೌರಿ ಹೋಂಕೊ ಮತ್ತು ಸಂಗಡಿಗರು 1998ರಲ್ಲಿ 15,683 ಸಾಲುಗಳ ಪಠ್ಯವಾಗಿ ಪ್ರಕಟಿಸಿದರು. ಬಾಯಿಮಾತಿನ ಕಾವ್ಯವನ್ನು ಹೇಗೆ ಕೂಡಿಸಬೇಕು, ಪಾಠಾಂತರವನ್ನು ಹೇಗೆ ಗೌರವಿಸಬೇಕು ಎಂಬ ವಿದ್ಯೆ ನಮ್ಮಲ್ಲಿದೆ. ಅದನ್ನು ಟಿನ್ ಫ್ಯಾಕ್ಟರಿಯವರೆಗೆ ತರುವ ಮನಸ್ಸು ಮಾತ್ರ ಬಂದಿಲ್ಲ.

ಕಾನೂನೂ ಟೇಪಿನ ಕಾಲದಲ್ಲೇ ನಿಂತಿದೆ. ಪುಸ್ತಕ ಅಚ್ಚಾದರೆ ಅದರ ಪ್ರತಿಯನ್ನು ಗೊತ್ತಾದ ಗ್ರಂಥಾಲಯಗಳಿಗೆ ಕೊಡಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಧ್ವನಿಮುದ್ರಣಕ್ಕೆ ಆ ಕಾಯ್ದೆಯಲ್ಲಿ ಜಾಗವಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ಸಂರಕ್ಷಣೆಗಾಗಿ ಡಿಜಿಟಲ್ ಪ್ರತಿ ಮಾಡಿಟ್ಟುಕೊಳ್ಳಬಹುದು. ಆದರೆ ಅದರ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಗ್ರಂಥಾಲಯದಲ್ಲಿರಬೇಕು. ಫೈಲಾಗಿಯೇ ಹುಟ್ಟಿದ ಹಾಡಿಗೆ ಆ ಪ್ರತಿ ಎಲ್ಲಿಂದ ಬರಬೇಕು? ಸಮುದಾಯ ರೇಡಿಯೋಗಳು ತಮ್ಮ ಕಾರ್ಯಕ್ರಮಗಳನ್ನು ಇಟ್ಟುಕೊಳ್ಳಬೇಕೆಂದು ನಿಯಮವಿದೆ, ಮೂರು ತಿಂಗಳು ಮಾತ್ರ. ಅದು ದೂರು ಬಂದರೆ ಇರಲಿ ಎಂಬ ಲೆಕ್ಕ. ಪ್ರಸಾರದ ಮೇಲೆ ಕೇಂದ್ರಕ್ಕಿರುವ ಹಕ್ಕು ಮಾತ್ರ 25 ವರ್ಷದ್ದು. ಇಟ್ಟುಕೊಳ್ಳುವ ಹೊಣೆ ಮೂರು ತಿಂಗಳು, ಬೇರೆಯವರು ಪ್ರತಿ ಮಾಡದಂತೆ ತಡೆಯುವ ಹಕ್ಕು ಕಾಲು ಶತಮಾನ.

ಇಲ್ಲಿಯವರೆಗೆ ವಾದ ಸುಲಭವಾಗಿತ್ತು. ಕಷ್ಟವಾದದ್ದು ಅಣ್ಣ ಒಂದು ದಿನ ಫೋನ್ ಮಾಡಿ, ಕಾರ್ಡು ವಾಪಸು ಬೇಕು ಎಂದಾಗ. ಎರಡನೆಯ ಪಾಠದಲ್ಲಿ ಕಾಲೇಜಿನ ಹುಡುಗಿಯೊಬ್ಬಳನ್ನು ಗುರುತು ಸಿಗುವಂತೆ ಹೀಯಾಳಿಸಿದ ನಾಲ್ಕು ಸಾಲುಗಳಿವೆ. “ನೀನು ಪಿಎಚ್‌ಡಿ ಮಾಡು, ಬೇಡ ಅನ್ನಲ್ಲ. ನನ್ನ ಮೇಲೆ ಮಾಡ್ಬೇಡ. ನನ್ನ ಮಗಳಿಗೀಗ ಒಂಬತ್ತು ವರ್ಷ” ಎಂದರು. ನಾನು ಪಾಠಾಂತರ, ಸಾಕ್ಷ್ಯ ಎಂದೇನೋ ಹೇಳಲು ಹೋದೆ. ಅವರು ಸುಮ್ಮನೆ ಕೇಳಿಸಿಕೊಂಡು, “ಓಲೆಗರಿ ಬರೆದೋನು ನಿನಗೆ ಫೋನ್ ಮಾಡಲ್ಲ, ನಾನು ಮಾಡ್ತೀನಿ” ಎಂದರು.

ಆ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಉಳಿಸುವುದೆಲ್ಲ ಒಳ್ಳೆಯದು ಎಂಬ ನಂಬಿಕೆಯಲ್ಲಿ ಸಂಶೋಧಕರ ದುರಾಸೆಯೂ ಸೇರಿದೆ. ಆ ನಾಲ್ಕು ಸಾಲುಗಳನ್ನು ಅಳಿಸಿದರೆ ಈ ಕಲೆಯಲ್ಲಿ ಹೆಣ್ಣಿನ ಬಗ್ಗೆ ಇದ್ದ ಧೋರಣೆಯ ಸಾಕ್ಷ್ಯವನ್ನೂ ಅಳಿಸಿದಂತೆ. ಇಟ್ಟುಕೊಂಡರೆ, ಯಾವತ್ತೂ ಒಪ್ಪಿಗೆ ಕೊಡದ ಆ ಹುಡುಗಿಗೆ ಇನ್ನೊಮ್ಮೆ ಅನ್ಯಾಯ. 1982ರಲ್ಲಿ ಆರಂಭವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತ ಸಂಗ್ರಹಾಲಯದಂಥ ಕಡೆ, ಕೊಟ್ಟವರು ಷರತ್ತು ಹಾಕಿ ಕೊಡಬಹುದು: ಯಾರು ಕೇಳಬಹುದು, ಯಾರು ಪ್ರತಿ ಮಾಡಿಕೊಳ್ಳಬಹುದು ಎಂದು. ಬೆಂಗಳೂರಿಗೆ ಬೇಕಾಗಿರುವುದು ಎಲ್ಲವನ್ನೂ ಅಂತರ್ಜಾಲಕ್ಕೆ ಸುರಿಯುವ ಉತ್ಸಾಹಕ್ಕಿಂತ ಇಂಥ ಬಾಗಿಲಿರುವ ಕಪಾಟು. ಊರಿನ ಯಾವುದಾದರೂ ಕಾಲೇಜಿನ ಕನ್ನಡ ವಿಭಾಗ ಒಂದು ಕಂಪ್ಯೂಟರು, ಎರಡು ಹಾರ್ಡ್ ಡಿಸ್ಕು, ಒಂದು ಒಪ್ಪಿಗೆ ಪತ್ರದಿಂದ ಇದನ್ನು ಶುರುಮಾಡಬಹುದು.

ನಾವು ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಎರಡನೆಯ ಪಾಠ ಹೋಯಿತು. ಅವರೇ ಅಳಿಸಿದರು, ನಾನು ಪಕ್ಕದಲ್ಲಿ ಕೂತಿದ್ದೆ. ಉಳಿದ ಎರಡು ನನ್ನ ಬಳಿ ಇವೆ, ಹೆಸರಿಲ್ಲದೆ. ರೇಡಿಯೋ ತುಣುಕುಗಳೂ ಇವೆ. ಅಳಿಸಿದ ಪಾಠದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳುವ ಒಂದು ಜಾಗವಿತ್ತು. ಅದರ ಬಗ್ಗೆ ನನ್ನ ಪ್ರಬಂಧದಲ್ಲಿ ಒಂದು ಅಧ್ಯಾಯವನ್ನೇ ಬರೆಯಬಹುದಿತ್ತು. ಈಗ ಒಂದು ವಾಕ್ಯ ಬರೆಯುತ್ತೇನೆ: ಹೀಗೊಂದು ಪಾಠವಿತ್ತು, ಹಾಡಿದವರ ಇಚ್ಛೆಯಂತೆ ಅದನ್ನು ಉಳಿಸಿಲ್ಲ.

ಇದನ್ನು ಓದುತ್ತಿರುವವರಲ್ಲಿ ಕೆಲವರಾದರೂ 2005ರಿಂದ 2012ರ ನಡುವೆ ಕಾಲೇಜಿನಲ್ಲಿದ್ದವರು ಇರುತ್ತೀರಿ. ಮನೆಯ ಡ್ರಾಯರಿನಲ್ಲಿ ಹಳೆಯ ಫೋನು, ಕಾರ್ಡು, ಮೇಲೆ ಪೆನ್ನಿನಲ್ಲಿ ಗೀಚಿದ ಸಿಡಿ ಇದ್ದರೆ ಈ ವಾರ ಒಮ್ಮೆ ತೆಗೆದು ನೋಡಿ. ಇನ್ನೊಂದು ಕಡೆ ಪ್ರತಿ ಮಾಡಿಡಿ. ಆಮೇಲೆ ಅದರಲ್ಲಿ ಹಾಡಿದವರಿಗೆ ಒಂದು ಫೋನ್ ಮಾಡಿ ಕೇಳಿ.