ರೈಲಿನಲ್ಲಿ ಕುಳಿತು ಬೆಟ್ ಕಟ್ಟುವುದು

ಕ್ರೀಡಾ ಬೆಟ್ಟಿಂಗ್ ಆ್ಯಪ್‌ಗಳು ಗಿರಾಕಿಗೆ ಕೊಡುವ ದೊಡ್ಡ ಭರವಸೆ, ಎಲ್ಲಿದ್ದರೂ ಆಡಬಹುದು ಎಂಬುದು. ಬುಕ್ಕಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಟಿ.ವಿ. ಇರುವ ಹೋಟೆಲಿನಲ್ಲಿ ಕಾದು ಕೂರಬೇಕಿಲ್ಲ. ಬಸ್ಸಿನ ಕಿಟಕಿ ಸೀಟಿನಲ್ಲಿ, ರೈಲಿನ ಬಾಗಿಲಲ್ಲಿ, ಯಾತ್ರೆಗೆ ಹೋದ ಊರಿನ ಲಾಡ್ಜಿನಲ್ಲಿ ಮುಂದಿನ ಓವರಿನ ಮೇಲೆ ಹಣ ಹಾಕಬಹುದು. ಪ್ರಯಾಣದ ಹೊತ್ತೇ ಈ ಭರವಸೆಗೆ ತಕ್ಕ ಒರೆಗಲ್ಲು. ಒರೆಗೆ ಹಚ್ಚಿದರೆ ಆಟದ ಸುದ್ದಿ, ಹಣದ ದಾರಿ, ಕಾನೂನು ಮೂರೂ ಆಡುವವನು ನಿಂತ ಜಾಗಕ್ಕೇ ಕಟ್ಟುಬಿದ್ದಿರುವುದು ಕಾಣುತ್ತದೆ. ಆ್ಯಪ್ ಆ ಕಟ್ಟನ್ನು ಬಿಡಿಸುವುದಿಲ್ಲ, ಮರೆಸುತ್ತದೆ ಅಷ್ಟೆ.

ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೊತ್ತತ್ತಿಯಂಥ ಊರಿಗೆ ಇದು ದೂರದ ವಿಷಯವಲ್ಲ. ಕಬ್ಬು, ಭತ್ತದ ಈ ಸೀಮೆಯಿಂದ ಮಂಡ್ಯಕ್ಕೆ ಬಸ್ಸು, ಅಲ್ಲಿಂದ ಬೆಂಗಳೂರಿಗೋ ಮೈಸೂರಿಗೋ ರೈಲು ಹಿಡಿಯುವುದು ಕೆಲಸಕ್ಕೆ ಹೋಗುವವರ ದಿನಚರಿ. ಹೆದ್ದಾರಿಯಲ್ಲಿ ಕಾರು ಓಡಿಸುವವನ ಕೈ ತುಂಬಿರುತ್ತದೆ. ರೈಲಿನಲ್ಲಿ ಕೂತವನ ಕೈ ಖಾಲಿ. ಸಂಜೆ ಬೆಂಗಳೂರು ಬಿಡುವ ಚಾಮುಂಡಿ ಎಕ್ಸ್‌ಪ್ರೆಸ್ ಇನ್ನೂ ದಾರಿಯಲ್ಲಿರುವಾಗಲೇ ಐಪಿಎಲ್‌ನ 7.30ರ ಪಂದ್ಯ ಶುರುವಾಗುತ್ತದೆ. ಬೆಂಗಳೂರು–ಮಂಡ್ಯ ರೈಲು ಪ್ರಯಾಣಕ್ಕೂ ಟಿ-20 ಇನಿಂಗ್ಸೊಂದಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು ಬೇಕು. ಹಣವೂ ಜೊತೆಗೇ ಪ್ರಯಾಣ ಮಾಡುತ್ತದೆ. ಡೇರಿಯ ಹಾಲಿನ ಬಟವಾಡೆ, ಕಾರ್ಖಾನೆಯ ಕಬ್ಬಿನ ಬಿಲ್ಲು, ತಿಂಗಳ ಸಂಬಳ ಎಲ್ಲವೂ ಬ್ಯಾಂಕ್ ಖಾತೆಗೆ ಬೀಳುತ್ತವೆ, ಖಾತೆ ಮೊಬೈಲಿನೊಳಗಿದೆ. ಮೊದಲಾದರೆ ಮನೆಯಲ್ಲಿ ಪೆಟ್ಟಿಗೆಯ ಬೀಗ ತೆಗೆಯಬೇಕಿತ್ತು, ಯಾರಾದರೂ ನೋಡುತ್ತಿದ್ದರು.

ಬಾಜಿ ಕಟ್ಟುವುದು ಮಂಡ್ಯ ಜಿಲ್ಲೆ ಮೊಬೈಲಿನಿಂದ ಕಲಿತ ವಿದ್ಯೆಯಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಸುಮಲತಾ ಅಂಬರೀಶ್ ಮತ್ತು ನಿಖಿಲ್ ಕುಮಾರಸ್ವಾಮಿ ನಡುವಿನ ಸ್ಪರ್ಧೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಕುರಿ, ಜಮೀನು ಪಣಕ್ಕಿಟ್ಟ ಸುದ್ದಿ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಬಂತು. ಸುಮಲತಾ ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು; ಎಣಿಕೆಯ ದಿನವೇ ಬಾಜಿಯೂ ಮುಗಿಯಿತು. ಆ ಬಾಜಿಯನ್ನು ಹೊಗಳಲು ಕಾರಣವಿಲ್ಲ, ಅದರಲ್ಲೂ ಮನೆಗಳು ಮುಳುಗಿವೆ. ಆದರೆ ಎದುರಾಳಿ ಯಾರೆಂದು ಗೊತ್ತಿರುತ್ತಿತ್ತು, ಪಣದ ದುಡ್ಡು ಮೂರನೆಯವನ ಕೈಯಲ್ಲಿರುತ್ತಿತ್ತು, ಫಲಿತಾಂಶ ಬಂದ ಮೇಲೆ ಮತ್ತೆ ಕಟ್ಟಲು ಇನ್ನೊಂದು ಚುನಾವಣೆಗೆ ಕಾಯಬೇಕಿತ್ತು. ಕುದುರೆ ರೇಸಿಗೂ ಹೀಗೊಂದು ಬೇಲಿ ಇದೆ. 1996ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕೌಶಲದ ಆಟವೆಂದು ಒಪ್ಪಿತಾದರೂ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಆ ವ್ಯವಹಾರ ಸಾಂಪ್ರದಾಯಿಕವಾಗಿ ಟರ್ಫ್ ಕ್ಲಬ್ಬಿನ ಆವರಣಕ್ಕೆ ಕಟ್ಟುಬಿದ್ದದ್ದು. ರೇಸು ಮುಗಿದರೆ ಗೇಟು ಮುಚ್ಚುತ್ತದೆ. ಆ್ಯಪ್‌ಗೆ ಗೇಟಿಲ್ಲ. ಇಪ್ಪತ್ತು ಓವರುಗಳ ಪಂದ್ಯ ಪೂರ್ತಿ ನಡೆದರೆ ಎರಡು ಇನಿಂಗ್ಸಿಗೆ ಎಸೆತ 240. ಒಂದೊಂದಕ್ಕೂ ಹೊಸ ದರ, ಹೊಸ ಆಸೆ.

ಆ ದರದೊಳಗೆ ಏನಿದೆ ಎಂಬುದನ್ನು ಆಡುವವರು ಬಿಡಿಸಿ ನೋಡುವುದು ಅಪರೂಪ. ಎರಡು ಸಮಬಲದ ತಂಡಗಳಿಗೆ ಆ್ಯಪ್ ತಲಾ 1.90 ದರ ತೋರಿಸಿದೆ ಎಂದಿಟ್ಟುಕೊಳ್ಳೋಣ. ನೂರು ರೂಪಾಯಿ ಕಟ್ಟಿ ಗೆದ್ದರೆ 190 ಬರುತ್ತದೆ. ಎರಡೂ ತಂಡಗಳ ಮೇಲೆ ನೂರು ನೂರು ಕಟ್ಟಿದವನಿಗೆ 200 ಹೋಗಿ 190 ಬರುತ್ತದೆ, ಯಾರೇ ಗೆಲ್ಲಲಿ. ನೂರಕ್ಕೆ ಐದರಂತೆ ಹೋದ ಆ ಹತ್ತು ರೂಪಾಯಿ ಆ್ಯಪ್‌ನ ಪಾಲು. ಊರಿನ ಬಾಜಿಯಲ್ಲಿ ಈ ಪಾಲು ಇರಲಿಲ್ಲ. ಒಬ್ಬ ಸೋತದ್ದು ಇನ್ನೊಬ್ಬನಿಗೆ ಪೂರ್ತಿ ಸೇರುತ್ತಿತ್ತು. ಪಾಲು ಸಣ್ಣದೆನಿಸುವುದು ಒಂದು ಸಲಕ್ಕೆ ಮಾತ್ರ. ಸಾವಿರ ರೂಪಾಯಿಯನ್ನು ಇದೇ ದರದಲ್ಲಿ ಹತ್ತು ಸಲ ತಿರುಗಿಸಿದರೆ ಸರಾಸರಿ ಲೆಕ್ಕದಲ್ಲಿ ಕೈಯಲ್ಲಿ ಉಳಿಯುವುದು ಸುಮಾರು 600. ಚುನಾವಣೆಯ ಬಾಜಿ ಹತ್ತು ಸಲ ತಿರುಗಲು ಅರ್ಧ ಆಯುಷ್ಯ ಬೇಕು. ಪವರ್‌ಪ್ಲೇಯ ಸೆಷನ್ ಬೆಟ್ಟು, ವಿಕೆಟ್ ಬೆಟ್ಟು, ಓವರಿನ ಬೆಟ್ಟು ಸೇರಿದರೆ ಬಿಡದಿಯಿಂದ ಮದ್ದೂರು ಬರುವುದರೊಳಗೆ ಹತ್ತು ಸುತ್ತು ಮುಗಿದಿರುತ್ತದೆ. ಆಮೇಲೆ ಶುರುವಾಗುವುದು ಹೋದ ದುಡ್ಡು ಎತ್ತಿಕೊಳ್ಳುವ ಆಟ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ; 14416 ಸಂಖ್ಯೆಯ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡಬಹುದು. ಆ್ಯಪ್‌ಗಳು ಪರದೆಯ ಮೂಲೆಯಲ್ಲಿ ಹಾಕುವ 'ಜವಾಬ್ದಾರಿಯಿಂದ ಆಡಿ' ಎಂಬ ಸಾಲಿಗಿಂತ ಇವು ಉಪಯುಕ್ತ.

ಪ್ರಯಾಣಿಕನಿಗೆ ಇದರ ಮೇಲೆ ಇನ್ನೊಂದು ಹೊರೆ ಬೀಳುತ್ತದೆ: ಸುದ್ದಿ ತಡವಾಗಿ ಬರುವುದು. ಮೈದಾನದಲ್ಲಿ ಚೆಂಡು ಬಿದ್ದದ್ದು ಮೊಬೈಲ್ ಪರದೆಗೆ ಬರುವಷ್ಟರಲ್ಲಿ ಹತ್ತಾರು ಸೆಕೆಂಡು ಕಳೆದಿರುತ್ತದೆ. ಓಡುವ ರೈಲಿನಲ್ಲಿ ಫೋನು ಒಂದು ಟವರಿನಿಂದ ಇನ್ನೊಂದಕ್ಕೆ ದಾಟುವಾಗ ಅದು ಮತ್ತೂ ಹೆಚ್ಚುತ್ತದೆ, ಕೆಲವೊಮ್ಮೆ ಚಿತ್ರ ನಿಂತೇ ಹೋಗುತ್ತದೆ. ದರ ಇಡುವವನಿಗೆ ಮೈದಾನದಿಂದ ನೇರ ಸುದ್ದಿ ಇರುತ್ತದೆ. ಕ್ರೀಡಾಂಗಣದಲ್ಲೇ ಕುಳಿತು ಎಸೆತ ಎಸೆತದ ವಿವರವನ್ನು ಫೋನಿನಲ್ಲಿ ಹೊರಗೆ ದಾಟಿಸುವ ಜನರು ಈ ದಂಧೆಯ ಹಳೆಯ ಪಾತ್ರಧಾರಿಗಳು. ಹೀಗಾಗಿ ಪ್ರಯಾಣಿಕ ಮುಂದಿನದು ಎಂದುಕೊಂಡು ಬೆಟ್ ಕಟ್ಟುವ ಎಸೆತ ಎಷ್ಟೋ ಸಲ ಆಗಲೇ ಮುಗಿದ ಎಸೆತ. ಆ್ಯಪ್ ತನ್ನ ರಕ್ಷಣೆಗೆ ಬೆಟ್ ಒಪ್ಪುವ ಮುನ್ನ ಕೆಲವು ಸೆಕೆಂಡು ಕಾಯುತ್ತದೆ. ಆ ನಡುವೆ ವಿಕೆಟ್ ಬಿದ್ದು ದರ ತನಗೆ ನಷ್ಟವಾಗುವಂತೆ ತಿರುಗಿದರೆ ಒಪ್ಪುವುದಿಲ್ಲ. ನಷ್ಟವಾಗುವಾಗ ಪಕ್ಕಕ್ಕೆ ಸರಿಯುವ ಅನುಕೂಲ ಒಬ್ಬರಿಗೇ ಇದೆ. ಮಧ್ಯದಲ್ಲೇ ಬೆಟ್ ಮಾರಿ ಹೊರಬರುವ 'ಕ್ಯಾಶ್ ಔಟ್' ಗುಂಡಿಯೂ ನೆಟ್‌ವರ್ಕ್ ಹೋದವನಿಗೆ ಬರಿಯ ಚಿತ್ರ. ಆ್ಯಪ್‌ನ ದೋಷಗಳಲ್ಲಿ ಇದೇ ಎಲ್ಲಕ್ಕಿಂತ ಕೆಟ್ಟದ್ದು: ದಾರಿಯಲ್ಲಿ ಆಡಲು ಅನುಕೂಲ ಎಂದು ಹೇಳಿ, ದಾರಿಯಲ್ಲಿರುವವನ ಅನನುಕೂಲದಿಂದಲೇ ದುಡಿಯುತ್ತದೆ.

ಹಣದ ದಾರಿ ಇನ್ನೂ ಮಬ್ಬು. ಗೂಗಲ್ ಪ್ಲೇ ಸ್ಟೋರ್ ಭಾರತದ ಗಿರಾಕಿಗಳಿಗೆ ಕ್ರೀಡಾ ಬೆಟ್ಟಿಂಗ್ ಆ್ಯಪ್ ಕೊಡುವುದಿಲ್ಲ. ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಆ್ಯಪ್ ಹಾಕಿಕೊಳ್ಳುವ ಎಪಿಕೆ ಕಡತ ಬರುತ್ತದೆ, ಬೆಟ್ ಕಟ್ಟಲು ಬೇಕಾದ 'ಐಡಿ'ಯನ್ನು ಏಜೆಂಟು ಕೊಡುತ್ತಾನೆ, ಯಾವುದೋ ಹೆಸರಿನ ಯುಪಿಐ ಖಾತೆಗೆ ದುಡ್ಡು ಹಾಕಿದರೆ ಪಾಯಿಂಟು ತುಂಬುತ್ತದೆ. ಆ ಖಾತೆ ಇವತ್ತು ಒಬ್ಬರದು, ನಾಳೆ ಇನ್ನೊಬ್ಬರದು; ಬಹುಪಾಲು ಬಾಡಿಗೆಗೆ ಪಡೆದವು. ಗೆದ್ದ ಹಣ ಬರುವುದೂ ಅಂಥ ಖಾತೆಗಳಿಂದಲೇ. ಅವುಗಳಲ್ಲಿ ಒಂದು ಸೈಬರ್ ವಂಚನೆಯ ದೂರಿನಲ್ಲಿ ಸಿಕ್ಕಿಬಿದ್ದರೆ ಪೊಲೀಸರು ಹಣ ಹರಿದ ದಾರಿ ಹಿಡಿದು ಮುಂದಿನ ಖಾತೆಗಳನ್ನೂ ಫ್ರೀಜ್ ಮಾಡಿಸುತ್ತಾರೆ. ಪರ ಊರಿನ ಲಾಡ್ಜಿನ ಬಾಡಿಗೆ ಕೊಡಲು ಹೋದಾಗ ಖಾತೆ ನಿಂತುಹೋಗಿರುವುದು ತಿಳಿದರೆ, ಅದನ್ನು ಬಿಡಿಸಿಕೊಳ್ಳಲು ಅಲೆಯಬೇಕಾದ ಠಾಣೆ ಮತ್ತೊಂದು ರಾಜ್ಯದ್ದಿರಬಹುದು. ಗೆದ್ದದ್ದನ್ನು ಆ್ಯಪ್ ಕೊಡದೆ ಹೋದರೆ ಕೋರ್ಟಿಗೂ ಹೋಗುವಂತಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದ ಕರಾರು ಅನೂರ್ಜಿತ, ಅದರ ಹಣಕ್ಕೆ ದಾವೆ ಹೂಡುವಂತಿಲ್ಲ. ಆ ಕಲಮು ವಿನಾಯಿತಿ ಕೊಟ್ಟಿರುವುದು 500 ರೂಪಾಯಿ ಅಥವಾ ಹೆಚ್ಚಿನ ಮೌಲ್ಯದ ಕುದುರೆ ರೇಸಿನ ಬಹುಮಾನಕ್ಕೆ ಕೊಡುವ ವಂತಿಗೆಗೆ ಮಾತ್ರ.

ಕಾನೂನಿನ ಕಥೆಯಲ್ಲಿ ಜಾಗದ ಪಾತ್ರ ಸ್ಪಷ್ಟವಾಗಿ ಕಾಣುತ್ತದೆ. 1867ರ ಸಾರ್ವಜನಿಕ ಜೂಜು ಕಾಯ್ದೆಯಿಂದ 1963ರ ಕರ್ನಾಟಕ ಪೊಲೀಸ್ ಕಾಯ್ದೆಯವರೆಗೆ ಜೂಜಿನ ಕಾನೂನು ಹುಡುಕಿದ್ದು ಜೂಜಿನ ಮನೆಯನ್ನು: ದಾಳಿ ಮಾಡಲು ಒಂದು ಕಟ್ಟಡ, ವಶಕ್ಕೆ ಪಡೆಯಲು ಇಸ್ಪೀಟು, ಕಣದಲ್ಲಿ ಬಿದ್ದ ನೋಟು. ಸಂವಿಧಾನವೂ ಬೆಟ್ಟಿಂಗ್ ಮತ್ತು ಜೂಜನ್ನು ರಾಜ್ಯಪಟ್ಟಿಯ 34ನೇ ನಮೂದಿನಲ್ಲಿಟ್ಟು ರಾಜ್ಯಗಳಿಗೆ ಬಿಟ್ಟಿತು. ಹೀಗಾಗಿ ಒಂದೇ ಫೋನು ಗಡಿ ದಾಟುತ್ತಿದ್ದಂತೆ ಬೇರೆ ಕಾನೂನಿನ ಕೆಳಗೆ ಬರುತ್ತಿತ್ತು. ಫ್ಯಾಂಟಸಿ ಕ್ರಿಕೆಟ್ ನಡೆಸುತ್ತಿದ್ದ ಡ್ರೀಮ್ ಇಲೆವೆನ್, ತಂಡ ಕಟ್ಟುವುದು ಕೌಶಲ, ಇದು ಬೆಟ್ಟಿಂಗ್ ಅಲ್ಲ ಎಂಬ ವಾದದ ಮೇಲೆ ಕರ್ನಾಟಕದಲ್ಲಿ ಹಣದ ಸ್ಪರ್ಧೆ ನಡೆಸುತ್ತಿತ್ತು. ಆದರೆ ಆಂಧ್ರ, ತೆಲಂಗಾಣ, ಒಡಿಶಾ, ಅಸ್ಸಾಂಗಳಲ್ಲಿ ನಡೆಸುತ್ತಿರಲಿಲ್ಲ. ಮಂಡ್ಯದಲ್ಲಿ ಸಲೀಸಾಗಿ ದುಡ್ಡು ಕಟ್ಟಿದ ಅದೇ ಯಾತ್ರಿಕ ತಿರುಪತಿಗೋ ಮಂತ್ರಾಲಯಕ್ಕೋ ತಲುಪಿದ ಮೇಲೆ ಕಟ್ಟಲು ಆಗುತ್ತಿರಲಿಲ್ಲ. ದೇವರ ದಯೆಯೆಂದರೂ ನಡೆದೀತು, ಅಸಲಿಗೆ ಅದು ಜಿಪಿಎಸ್ ಮಾಡಿದ ಕೆಲಸ.

2021ರ ಅಕ್ಟೋಬರಿನಲ್ಲಿ ಕರ್ನಾಟಕವೇ ಆ ಸಾಲಿಗೆ ಸೇರಿತು. ಪೊಲೀಸ್ ಕಾಯ್ದೆಯ ತಿದ್ದುಪಡಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಬೆಂಗಳೂರಿನ ಠಾಣೆಯೊಂದರಲ್ಲಿ ದೂರು ದಾಖಲಾದ ಮೇಲೆ ಡ್ರೀಮ್ ಇಲೆವೆನ್ ರಾಜ್ಯದಲ್ಲಿ ಬಾಗಿಲು ಹಾಕಿತು. ಆಗ ಸ್ಥಿತಿ ತಿರುವುಮುರುವಾಯಿತು: ಇಲ್ಲಿ ಮುಚ್ಚಿದ್ದು ಮಹಾರಾಷ್ಟ್ರದ ಗಡಿ ದಾಟಿದರೆ ತೆರೆದುಕೊಳ್ಳುತ್ತಿತ್ತು. 2022ರ ಫೆಬ್ರುವರಿ 14ರಂದು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದುಮಾಡಿತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಗೆರೆ ನ್ಯಾಯಾಲಯದಲ್ಲಿ ಗಟ್ಟಿಯಾಗಿ ನಿಂತಿತು. ನೆಲದಲ್ಲಿ ಅದು ಅಷ್ಟು ಗಟ್ಟಿಯಿರಲಿಲ್ಲ. ಫ್ಯಾಂಟಸಿ ತಂಡ ಕಟ್ಟಿ ಕಲಿತ ಬೆರಳಿಗೆ ಬೆಟ್ಟಿಂಗ್ ಐಡಿ ತೆಗೆದುಕೊಳ್ಳುವುದು ಒಂದು ಹೆಜ್ಜೆ ದೂರ ಮಾತ್ರ.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ ಗೆರೆಯನ್ನೇ ಅಳಿಸಿತು. ಕೌಶಲವೋ ಅದೃಷ್ಟವೋ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ಹಣ ದಾಟಿಸುವ ಬ್ಯಾಂಕಿಗೂ ಶಿಕ್ಷೆಯುಂಟು. ಆಡಿದವನಿಗೆ ಶಿಕ್ಷೆಯಿಲ್ಲ, ಅವನನ್ನು ಕಾಯ್ದೆ ನೊಂದವನೆಂದು ನೋಡುತ್ತದೆ. ಡ್ರೀಮ್ ಇಲೆವೆನ್ ಹಣದ ಸ್ಪರ್ಧೆ ನಿಲ್ಲಿಸಿತು, ಭಾರತ ತಂಡದ ಅಂಗಿಯಿಂದಲೂ ಅದರ ಹೆಸರು ಹೋಯಿತು. ಕಾಯ್ದೆಯ ವಿರುದ್ಧ ಕರ್ನಾಟಕ ಹೈಕೋರ್ಟಿನಲ್ಲಿ ಹೂಡಿದ ಮೊಕದ್ದಮೆ ಬೇರೆ ರಾಜ್ಯಗಳ ಮೊಕದ್ದಮೆಗಳ ಜೊತೆ ಸುಪ್ರೀಂ ಕೋರ್ಟಿಗೆ ವರ್ಗವಾಯಿತು. ರಾಜ್ಯಕ್ಕೊಂದು ನಿಯಮ ಎಂಬ ಗೊಂದಲವನ್ನು ಈ ಕಾಯ್ದೆ ಒಂದೇ ಏಟಿಗೆ ತೆಗೆದದ್ದು ನಿಜವಾದ ಗುಣ. ಅದರ ದೌರ್ಬಲ್ಯವೂ ಅಷ್ಟೇ ನಿಜ: ವಿಳಾಸವಿದ್ದ, ತೆರಿಗೆ ಕಟ್ಟುತ್ತಿದ್ದ ಕಂಪನಿಗಳು ಮೊದಲ ವಾರದಲ್ಲೇ ಶರಣಾದವು; ಕ್ಯುರಸಾವೊದಂಥ ದೂರದ ದ್ವೀಪದ ಲೈಸೆನ್ಸ್ ತೋರಿಸುವ ಆ್ಯಪ್‌ಗಳಿಗೆ ಜೈಲಿನ ಭಯ ಅಷ್ಟಾಗಿ ತಟ್ಟುವುದಿಲ್ಲ. 2023ರ ನವೆಂಬರ್ 5ರಂದು ಮಹಾದೇವ್ ಸೇರಿ 22 ಆ್ಯಪ್ ಮತ್ತು ಜಾಲತಾಣಗಳನ್ನು ಕೇಂದ್ರ ತಡೆಹಿಡಿದಾಗಲೂ ಹೀಗೇ ಆಗಿತ್ತು. ಅಂಥವು ಹೆಸರಿನ ತುದಿಯಲ್ಲಿ ಒಂದು ಅಂಕಿ ಬದಲಿಸಿಕೊಂಡು ಮರುದಿನ ಹಾಜರಾಗುತ್ತವೆ.

ತಡೆ ದಾಟಲು ವಿಪಿಎನ್ ಹಾಕುವವರಿದ್ದಾರೆ. ಅದು ಫೋನಿನ ಇಂಟರ್ನೆಟ್ ವಿಳಾಸ ಮರೆಮಾಡುತ್ತದೆ; ಜಿಪಿಎಸ್, ಸುತ್ತಲಿನ ವೈಫೈ, ಟವರಿನ ಗುರುತು ಬೇರೆಯೇ ಕಥೆ ಹೇಳುತ್ತಿರುತ್ತವೆ. ಸ್ಥಳ ಮರೆಸಿದ ಖಾತೆಯ ಗೆಲುವನ್ನು ತಡೆಹಿಡಿಯುವ ಹಕ್ಕನ್ನು ಬೆಟ್ಟಿಂಗ್ ಕಂಪನಿಗಳು ತಮ್ಮ ಷರತ್ತಿನಲ್ಲೇ ಬರೆದಿಟ್ಟುಕೊಳ್ಳುತ್ತವೆ. ಸೋತ ದುಡ್ಡನ್ನು ಆ ಕಾರಣಕ್ಕೆ ಹಿಂದಿರುಗಿಸಿದ ಉದಾಹರಣೆಗಳನ್ನು ಯಾರೂ ಹೇಳಿಕೊಳ್ಳುವುದಿಲ್ಲ.

ಆಡುವವರಿಗಷ್ಟೇ ಅಲ್ಲ, ಆಡಿಸುವವರಿಗೂ ಜಾಗ ಮುಖ್ಯ. ಕೇಂದ್ರದ ಕಾಯ್ದೆಗೆ ಅಂಕಿತ ಬಿದ್ದ ಮರುದಿನವೇ, ಆಗಸ್ಟ್ 23ರಂದು, ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಜಾರಿ ನಿರ್ದೇಶನಾಲಯ ಬಂಧಿಸಿದ್ದು ಸಿಕ್ಕಿಂನ ಗ್ಯಾಂಗ್ಟಕ್‌ನಲ್ಲಿ. ಆನ್‌ಲೈನ್ ಬೆಟ್ಟಿಂಗ್ ತಾಣಗಳನ್ನು ನಡೆಸಿದ ಆರೋಪ ಅವರ ಮೇಲಿದೆ. ಅಲ್ಲಿಗೆ ಹೋದದ್ದು ಕ್ಯಾಸಿನೊಗೆ ಜಾಗ ಗುತ್ತಿಗೆ ಹಿಡಿಯಲು ಎಂದು ನಿರ್ದೇಶನಾಲಯ ಹೇಳಿತು. ಕ್ಯಾಸಿನೊಗೆ ಕಾನೂನಿನ ಒಪ್ಪಿಗೆ ಇರುವ ಕೆಲವೇ ರಾಜ್ಯಗಳಲ್ಲಿ ಸಿಕ್ಕಿಂ ಒಂದು. ಇನ್ನೊಂದು ಗೋವಾ. ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಿಗೆ ಕರ್ನಾಟಕದಿಂದ ವಾರಾಂತ್ಯಕ್ಕೆ ಹೋಗುವವರು ಅಲ್ಲಿ ಟೇಬಲ್ ಆಟ ಕಾನೂನುಬದ್ಧವಾಗಿರುವುದರಿಂದ ಮೊಬೈಲಿನ ಕ್ರಿಕೆಟ್ ಬೆಟ್ಟಿಂಗೂ ಹಾಗೇ ಎಂದು ತಿಳಿಯುವುದುಂಟು. ಅನುಮತಿ ಇರುವುದು ಆ ಹಡಗಿಗೆ, ಗಿರಾಕಿಯ ಜೇಬಿನ ಫೋನಿಗಲ್ಲ.

ವಿದೇಶದಲ್ಲಿ ಗಡಿಗಳು ಇನ್ನೂ ಬಿಗಿ. ಅಮೆರಿಕದ ಸುಪ್ರೀಂ ಕೋರ್ಟು 2018ರ ಮೇ 14ರಂದು ಕ್ರೀಡಾ ಬೆಟ್ಟಿಂಗಿನ ತೀರ್ಮಾನವನ್ನು ರಾಜ್ಯಗಳಿಗೆ ಬಿಟ್ಟಿತು. ನ್ಯೂಜೆರ್ಸಿ ಕೂಡಲೇ ಒಪ್ಪಿತು. ನ್ಯೂಯಾರ್ಕ್‌ನಲ್ಲಿ ಮೊಬೈಲ್ ಬೆಟ್ಟಿಂಗ್ ಶುರುವಾದದ್ದು 2022ರ ಜನವರಿಯಲ್ಲಿ. ಅಲ್ಲಿಯತನಕ ನ್ಯೂಯಾರ್ಕಿನವರು ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲೆ ಸೈಕಲ್ ತುಳಿದು ರಾಜ್ಯದ ಗೆರೆ ದಾಟಿ, ಬೆಟ್ ಕಟ್ಟಿ, ತಿರುಗಿ ಬರುತ್ತಿದ್ದರು. ಕನ್ನಡ ಕುಟುಂಬಗಳು ಹೆಚ್ಚಿರುವ ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳು ಇದನ್ನು ಒಪ್ಪಿಲ್ಲ. ಸಿಂಗಪುರದಲ್ಲಿ ಪರವಾನಗಿಯಿರುವ ಸಿಂಗಪುರ್ ಪೂಲ್ಸ್ ಬಿಟ್ಟು ಪರವಾನಗಿ ಇಲ್ಲದವರ ಬಳಿ ಆಡಿದರೆ 2022ರ ಕಾಯ್ದೆಯಂತೆ ಆಡಿದವನಿಗೇ 10,000 ಸಿಂಗಪುರ ಡಾಲರ್‌ವರೆಗೆ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆಡಿದವನನ್ನು ಬಿಟ್ಟುಬಿಡುವ ಭಾರತದ ರೂಢಿಯನ್ನು ನಂಬಿ ಅಲ್ಲಿ ಊರಿನ ಐಡಿ ತೆರೆಯುವುದು ಅಪಾಯ. ದುಬೈನಲ್ಲೂ ಪರವಾನಗಿ ಇಲ್ಲದ ಜೂಜು ಅಪರಾಧ. ಕಾನೂನು ಒಪ್ಪುವ ದೇಶದಲ್ಲೂ ಭಾರತದ ಹಣ ಬಳಸುವಂತಿಲ್ಲ: 2000ದ ವಿದೇಶಿ ವಿನಿಮಯ ನಿಯಮಗಳ ಮೊದಲ ಅನುಸೂಚಿ ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ ಮೊದಲಾದವಕ್ಕೆ ಹಣ ಕಳಿಸುವುದನ್ನು ನಿಷೇಧಿಸುತ್ತದೆ. ವಿದೇಶದಲ್ಲಿರುವ ಮಗನ ಮನೆಗೆ ಹೋದ ತಂದೆ ಮಗನ ಖಾತೆಯಲ್ಲಿ ಆಡೋಣವೆಂದರೆ ಆ ದಾರಿಯೂ ಮುಚ್ಚಿದೆ; ಅಲ್ಲಿನ ಪರವಾನಗಿ ಪಡೆದ ಆ್ಯಪ್‌ಗಳಲ್ಲಿ ಒಬ್ಬರ ಖಾತೆಯನ್ನು ಇನ್ನೊಬ್ಬರು ಬಳಸುವಂತಿಲ್ಲ, ಸಿಕ್ಕಿಬಿದ್ದರೆ ಖಾತೆ ರದ್ದಾಗಬಹುದು.