ಟ್ರಿಮ್ಮರಿಗೂ ಸಾಣೆ

ಮಲೆ ಮಹದೇಶ್ವರ ಬೆಟ್ಟದಲ್ಲಿ ಮಾದಪ್ಪನಿಗೆ ಮುಡಿ ಕೊಡುವವರ ತಲೆಯ ಮೇಲೆ ಓಡುವುದು ಕತ್ತಿ. ಹನೂರು, ಕೊಳ್ಳೇಗಾಲ, ಯಳಂದೂರಿನ ಮನೆಗಳಲ್ಲಿ ಗಡ್ಡ ನೋಡಿಕೊಳ್ಳುವುದು ಟ್ರಿಮ್ಮರ್. ಕತ್ತಿಗೆ ಬೇಕಾದ್ದು ಒಂದೇ ಅಲಗು. ಅಮೆರಿಕದ ಲಿಯೋ ವಾಲ್ 1919ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ವಿದ್ಯುತ್ ಮೆಷಿನ್ನಿನಿಂದ ಇಂದಿನ ಟ್ರಿಮ್ಮರಿನವರೆಗೂ ಎರಡು ಬ್ಲೇಡುಗಳ ಸಂಸಾರ: ಒಂದು ಅಲುಗದು, ಇನ್ನೊಂದು ಅದರ ಮೈಗೆ ಮೈ ಉಜ್ಜಿಕೊಂಡೇ ಓಡಾಡುತ್ತದೆ.

ಕೂದಲು ಜಗ್ಗಿದೊಡನೆ ಮೊಂಡಾಯಿತು ಎನ್ನುತ್ತೇವೆ. ಬಹುಪಾಲು ಸಲ ಅದು ಬರೀ ಕೊಳೆ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಬ್ಲೇಡಿನ ಹಲ್ಲುಗಳ ಸಂದು ಉಜ್ಜಿ, ಹೊಲಿಗೆ ಮೆಷಿನ್ ಎಣ್ಣೆ ಎರಡು ತೊಟ್ಟು ಬಿಟ್ಟರೆ ಸದ್ದೇ ಬದಲಾಗುತ್ತದೆ. ಕೊಬ್ಬರಿ ಎಣ್ಣೆ ಬೇಡ. 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಅದು ಬಿಳಿಗಿರಿರಂಗನ ಬೆಟ್ಟದ ಮಾಗಿ ಚಳಿಯಲ್ಲಿ ಬ್ಲೇಡನ್ನೇ ಹಿಡಿದುಕೊಂಡೀತು.

ಆಮೇಲೂ ಜಗ್ಗಿದರೆ ಸಾಣೆ. 1000 ಗ್ರಿಟ್ಟಿನ ನುಣುಪು ಕಲ್ಲಿಗೆ ನೀರು ಹಾಕಿ, ಬ್ಲೇಡುಗಳು ಒಂದನ್ನೊಂದು ಮುಟ್ಟುವ ಮುಖವನ್ನು ಮಾತ್ರ ಚಪ್ಪಟೆಯಾಗಿ ಇಟ್ಟು ಎಳೆಯಬೇಕು. ಹಲ್ಲಿನ ತುದಿ ಅರೆಯಬಾರದು. ಮಸಿ ನೀರು ಬಿಟ್ಟು, ಮುಖವೆಲ್ಲ ಒಂದೇ ಹೊಳಪಿಗೆ ಬಂದಾಗ ಆಗುವ ಖುಷಿಯೇ ಬೇರೆ. ತೊಳೆದು, ಒರೆಸಿ, ಕೂರಿಸುವಾಗ ಓಡುವ ಬ್ಲೇಡು ಕೂದಲೆಳೆಯಷ್ಟಾದರೂ ಹಿಂದಿರಲಿ. ಮುಂದೆ ಬಂದರೆ ಗಡ್ಡದ ಜೊತೆ ಗಲ್ಲವೂ ಹೋಗುತ್ತದೆ. ಸೆರಾಮಿಕ್ ಬ್ಲೇಡಿಗೆ ಮಾತ್ರ ಈ ಕಲ್ಲು ನಾಟುವುದಿಲ್ಲ, ಹೊಸದನ್ನೇ ತರಬೇಕು.