ಹೆಳವನಕಟ್ಟೆ ಗಿರಿಯಮ್ಮನೂ ಸ್ತ್ರೀ ಅಧ್ಯಯನವೂ

ಸ್ತ್ರೀ ಅಧ್ಯಯನವು ಕನ್ನಡನಾಡಿನ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಓದತಕ್ಕ ಪ್ರತ್ಯೇಕ ವಿಷಯವಾಗಿ ನೆಲೆಗೊಂಡಿದೆ. 2003ರಲ್ಲಿ ವಿಜಯಪುರದಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾಲಯವು ಈಗ ಅಕ್ಕಮಹಾದೇವಿಯ ಹೆಸರನ್ನೇ ಧರಿಸಿದೆ. ಈ ಶಾಸ್ತ್ರದ ಸತ್ತ್ವವನ್ನು ಪರೀಕ್ಷಿಸಲು ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಜನಿಸಿದ, 18ನೆಯ ಶತಮಾನದ ಗಿರಿಯಮ್ಮನ ಕೃತಿಗಳು ತಕ್ಕ ಒರೆಗಲ್ಲಾಗಿವೆ.

ಈಕೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ‘ಹೆಳವನಕಟ್ಟೆ ರಂಗ’ನ ಅಂಕಿತವನ್ನು ಹೇಳಿ, ಪವಾಡಗಳನ್ನು ಎಣಿಸಿ, ಹರಿಭಕ್ತೆಯೆಂದು ಕೊಂಡಾಡಿ ಮುಗಿಸುತ್ತವೆ. ಭಕ್ತಿಯು ದಿಟವೇ, ಕವಿತ್ವದ ವಿಚಾರವಾದರೋ ಅಲ್ಲಿಗೆ ಮುಗಿಯತಕ್ಕುದಲ್ಲ. ಜೈಮಿನಿ ಭಾರತದಿಂದ ಈಕೆ ಆರಿಸಿಕೊಂಡವುಗಳಲ್ಲಿ ಚಂದ್ರಹಾಸನ ಕಥೆಯೂ ಉದ್ದಾಲಿಕನ ಕಥೆಯೂ ಸೇರಿವೆ. ಚಂದ್ರಹಾಸನಿಗೆ ವಿಷವನ್ನು ಕೊಡಬೇಕೆಂದು ಮಂತ್ರಿಯು ಬರೆದ ಪತ್ರದಲ್ಲಿ ಮಗಳಾದ ವಿಷಯೆಯು ಅಕ್ಷರವನ್ನು ತಿದ್ದಿ ತನ್ನ ಹೆಸರನ್ನೇ ಮಾಡುತ್ತಾಳೆ. ಓದುಬರಹ ಬಲ್ಲ ಹೆಣ್ಣಿನ ಕೈಯಲ್ಲಿ ಮರಣಶಾಸನವು ವಿವಾಹಪತ್ರಿಕೆಯಾಗುತ್ತದೆ. ಉದ್ದಾಲಿಕನ ಹೆಂಡತಿ ಚಂಡಿಯಾದರೋ ಗಂಡನು ಹೇಳಿದುದಕ್ಕೆಲ್ಲ ವಿರುದ್ಧವಾಗಿ ನಡೆದು, ಅವನ ಶಾಪದಿಂದ ಕಲ್ಲಾಗುತ್ತಾಳೆ.

ಚಂಡಿಯ ಹಠವನ್ನಷ್ಟೇ ಕಂಡು ಬಂಡಾಯವೆನ್ನುವುದು ಅವಸರದ ಮಾತು. ಶಾಪವನ್ನಷ್ಟೇ ಕಂಡು ಪತಿವ್ರತಾಬೋಧೆಯೆನ್ನುವುದೂ ಅಷ್ಟೇ ಅವಸರದ್ದು. ವಿಷಯೆಯನ್ನೂ ಚಂಡಿಯನ್ನೂ ಒಬ್ಬಳೇ ಕವಿ ಹಾಡಿದಳೆಂಬುದೇ ಇಲ್ಲಿ ವಿಚಾರಣೀಯವಾದ ಅಂಶ. ಅದನ್ನು ತಿಳಿಯಲು ಛಂದಸ್ಸು, ಹಾಡಿನ ಧಾಟಿ, ಪಾಠಾಂತರ ಇವುಗಳ ಪರಿಚಯ ಅವಶ್ಯ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಕೂಲಿಯನ್ನು ಲೆಕ್ಕವಿಡಲು ಕಲಿಸುವ ಈ ಶಾಸ್ತ್ರವು, ನೆರೆಯ ರಾಣೆಬೆನ್ನೂರಿನ ಕವಿಯ ಹಾಡನ್ನು ಅಷ್ಟೇ ಎಚ್ಚರದಿಂದ ಓದಲು ಕಲಿಸದಿದ್ದರೆ ಅರ್ಧವಿದ್ಯೆಯಾಗಿಯೇ ಉಳಿಯುವುದು.